‘ಆಮೇಲೆ’ ಬಿಟ್ಟು ‘ಅದಕ್ಕೇ’: ಹೈಸ್ಕೂಲು ಮಕ್ಕಳಿಗೆ ಕಥೆ ಹೆಣೆಯಲು ಕಲಿಸುವ ಬಗೆ

ಒಂಬತ್ತನೇ ತರಗತಿಯವರಿಗೆ ಖಾಲಿ ಹಾಳೆ ಕೊಟ್ಟು ‘ಒಂದು ಕಥೆ ಬರೆಯಿರಿ’ ಎಂದರೆ ಹೆಚ್ಚಾಗಿ ಕೈಗೆ ಬರುವುದು ಇಂಥದ್ದು: “ನಾನು ಗೆಳೆಯರ ಜೊತೆ ಸಮುದ್ರಕ್ಕೆ ಹೋದೆ. ಆಮೇಲೆ ದೊಡ್ಡ ತೆರೆ ಬಂತು. ಆಮೇಲೆ ಒಬ್ಬ ಗೆಳೆಯ ಮುಳುಗಿದ. ಆಮೇಲೆ ಮೀನುಗಾರರು ಬಂದು ಉಳಿಸಿದರು. ಅಷ್ಟರಲ್ಲಿ ಅಮ್ಮ ಎಬ್ಬಿಸಿದಳು. ಎಲ್ಲ ಕನಸಾಗಿತ್ತು.”

ಭಾಷೆಯಲ್ಲಿ ತಪ್ಪಿಲ್ಲ, ಕಲ್ಪನೆಯೂ ಇದೆ. ಆದರೆ ತೆರೆಯನ್ನು ತೆಗೆದು ಅಲ್ಲಿ ಹುಲಿಯನ್ನೋ ಕಳ್ಳನನ್ನೋ ಕೂರಿಸಿದರೂ ಉಳಿದ ಒಂದು ವಾಕ್ಯವೂ ಅಲುಗುವುದಿಲ್ಲ. ಘಟನೆಗಳು ಒಂದರ ಪಕ್ಕ ಒಂದು ಕುಳಿತಿವೆಯೇ ಹೊರತು ಒಂದನ್ನೊಂದು ಹಿಡಿದುಕೊಂಡಿಲ್ಲ. ಬಲೆ ಹೆಣೆಯುವವರ ಮನೆಯ ಮಕ್ಕಳಿಗೆ ಇದನ್ನು ಹೇಳಿದರೆ ಬೇಗ ಅರ್ಥವಾಗುತ್ತದೆ: ನೂಲು ಎಷ್ಟು ಉದ್ದವಿದ್ದರೇನು, ಗಂಟು ಬೀಳದೆ ಅದು ಬಲೆಯಾಗುವುದಿಲ್ಲ. ಕಥೆಯಲ್ಲಿ ಆ ಗಂಟು ಎಂದರೆ ಕಾರಣ. ಮುಂದೆ ಹೇಳುವ ಕ್ರಮವೆಲ್ಲ ಈ ಗಂಟು ಹಾಕಿಸುವುದಕ್ಕಾಗಿ. 13ರಿಂದ 17ರ ವಯಸ್ಸಿನವರಿಗೆ, ಅಂದರೆ ಎಂಟನೇ ತರಗತಿಯಿಂದ ಪಿಯುಸಿವರೆಗಿನವರಿಗೆ ಇದು ಹೊಂದುತ್ತದೆ. ಶಾಲೆಯ ಮಾಸ್ತರು, ಅಕ್ಕೋರು, ಊರಿನ ಗ್ರಂಥಾಲಯ ನೋಡಿಕೊಳ್ಳುವವರು, ಯಾರು ಬೇಕಾದರೂ ನಡೆಸಬಹುದು. ನಡೆಸುವವರು ಕಥೆಗಾರರೇ ಆಗಿರಬೇಕೆಂದಿಲ್ಲ.

ಎಷ್ಟು ಜನ, ಎಷ್ಟು ದಿನ, ಏನೇನು ಬೇಕು

ಒಂದು ಗುಂಪಿಗೆ 12 ಮಕ್ಕಳು ಸರಿ. 15ಕ್ಕಿಂತ ಹೆಚ್ಚಾದರೆ ಪ್ರತಿಯೊಬ್ಬರೂ ಕಥೆ ಬರೆದ ಚೀಟಿ ನೋಡಲು ಸಮಯ ಸಾಲುವುದಿಲ್ಲ. ಒಂದೂವರೆ ಗಂಟೆಯ ಎಂಟು ಕೂಟಗಳು ಬೇಕು, ವಾರಕ್ಕೊಂದರಂತೆ ಎರಡು ತಿಂಗಳು. ಎಂಟೂ ದಿನ ಒಟ್ಟಿಗೆ ಶಿಬಿರ ಮಾಡಿ ಮುಗಿಸುವ ಆಸೆ ಬೇಡ. ನಡುವೆ ಸಿಗುವ ಆರು ದಿನಗಳಲ್ಲೇ ಕಥೆ ಮಕ್ಕಳ ತಲೆಯಲ್ಲಿ ಹುದುಗು ಬರುವುದು.

ಯಾವ ತಿಂಗಳು ಎಂಬುದನ್ನು ಊರು ನೋಡಿ ಗೊತ್ತುಮಾಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲು ಶುರುವಾದ ಮೇಲೆ ಮಕ್ಕಳು ಮನೆಗೂ ಬೇಕಾಗುತ್ತಾರೆ, ಅಲ್ಲಿ ಮಳೆಗಾಲದ ಶನಿವಾರಗಳು ಅನುಕೂಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕರಾವಳಿಯಲ್ಲಿ ಜುಲೈಯ ಮಳೆ ರಜೆಗಳು ಲೆಕ್ಕಕ್ಕೇ ಸಿಗುವುದಿಲ್ಲ. ಆಗಸ್ಟ್ ನಡುವಿನಿಂದ ಹಿಡಿದರೆ ಕೂಟ ತಪ್ಪುವುದು ಕಡಿಮೆ.

ಸಾಮಾನು ಬಹಳವಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕೂಡಿಹಾಕಿ, ಹಿಂಬದಿ ಖಾಲಿಯಿರುವ ದಪ್ಪ ಕಾಗದವನ್ನು ಅಂಗೈ ಅಗಲದ ಚೀಟಿಗಳಾಗಿ ಕತ್ತರಿಸಿ, ಮಗುವಿಗೆ 20ರಂತೆ ಕೊಡಿ. ಐದು ಮೀಟರ್ ಹಗ್ಗ, ನಲವತ್ತು ಬಟ್ಟೆ ಕ್ಲಿಪ್ಪು, ಪೆನ್ಸಿಲ್ಲು. ಪೆನ್ನು ಬೇಡ. ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕಲು ಮಕ್ಕಳಿಗೆ ಮನಸ್ಸು ಬರುವುದಿಲ್ಲ, ಮಳೆಯ ತಂಪಿಗೆ ಕಾಗದದ ಮೇಲೆ ಶಾಯಿ ಹರಡುತ್ತದೆ ಕೂಡ. ಚೀಟಿಗಳನ್ನು ಮುಚ್ಚಳ ಗಟ್ಟಿಯಿರುವ ಬಿಸ್ಕಿಟ್ ಡಬ್ಬಿಯಲ್ಲಿಡಿ. ನೋಟ್‌ಬುಕ್ಕಿನಲ್ಲಿ ಏಕೆ ಬರೆಸಬಾರದು ಎಂದರೆ, ಪುಟಗಳನ್ನು ಹಿಂದುಮುಂದು ಮಾಡಲಾಗುವುದಿಲ್ಲ. ಹೆಣಿಗೆ ಕಲಿಯುವುದೆಂದರೆ ಅರ್ಧ ಪಾಲು ಹಿಂದುಮುಂದು ಮಾಡುವುದೇ.

ಮೊದಲ ಕೂಟ: ಬರೆಸಬೇಡಿ, ಹೇಳಿಸಿ

ವೃತ್ತಾಕಾರದಲ್ಲಿ ಕೂರಿಸಿ. ನೀವೊಂದು ವಾಕ್ಯ ಹೇಳಿ: “ಗುರುವಾರ ಸಂಜೆ ಧಕ್ಕೆಯಲ್ಲಿ ಒಂದು ಚಪ್ಪಲಿ ಮಾತ್ರ ಬಿದ್ದಿತ್ತು.” (ಧಕ್ಕೆ ಎಂದರೆ ದೋಣಿ ನಿಲ್ಲುವ ಕಟ್ಟೆ.) ಪಕ್ಕದವರು ಒಂದು ವಾಕ್ಯ ಸೇರಿಸಬೇಕು, ಹೀಗೆ ಸುತ್ತು. ಮೊದಲ ಸುತ್ತಿಗೆ ನಿಯಮವಿಲ್ಲ. ಕಥೆ ಏಳನೆಯವರಿಗೆ ಬರುವಷ್ಟರಲ್ಲಿ ದೆವ್ವ, ಪೊಲೀಸು, ಬಾಂಬು ಎಲ್ಲ ಬಂದಿರುತ್ತದೆ. ಬರಲಿ, ನಗಲಿ.

ಎರಡನೇ ಸುತ್ತಿಗೆ ಒಂದೇ ನಿಯಮ: ‘ಆಮೇಲೆ’ ಎನ್ನುವಂತಿಲ್ಲ. ಪ್ರತಿ ವಾಕ್ಯ ‘ಅದಕ್ಕೇ’ ಎಂದೋ ‘ಆದರೆ’ ಎಂದೋ ಶುರುವಾಗಬೇಕು. ಸುತ್ತು ತಕ್ಷಣ ನಿಧಾನವಾಗುತ್ತದೆ. ಮಕ್ಕಳು ಹಿಂದಿನವರು ಏನೆಂದರು ಎಂದು ಕಿವಿಗೊಡತೊಡಗುತ್ತಾರೆ, ಏಕೆಂದರೆ ‘ಅದಕ್ಕೇ’ ಎಂದ ಮೇಲೆ ‘ಯಾವುದಕ್ಕೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ನಿಧಾನವನ್ನು ಕೆಡಿಸಬೇಡಿ. ಒಂದು ಮಗು ಒಂದು ನಿಮಿಷ ಯೋಚಿಸಿದರೆ ಕಾಯಿರಿ, ನೀವೇ ಬಾಯಿ ಹಾಕಬೇಡಿ.

ಮನೆಯಲ್ಲಿ ಕೊಂಕಣಿಯೋ ಹಾಲಕ್ಕಿ ಕನ್ನಡವೋ ಹವ್ಯಕ ಕನ್ನಡವೋ ಆಡುವ ಮಕ್ಕಳು ಇಲ್ಲಿ ಅದರಲ್ಲೇ ಹೇಳಲಿ. ಪುಸ್ತಕದ ಕನ್ನಡಕ್ಕೆ ತಿರುಗಿಸುವ ಭಾರ ಹೊತ್ತ ಮಗು ಕಾರಣ ಯೋಚಿಸುವುದನ್ನು ಬಿಟ್ಟು ವಿಭಕ್ತಿ ಯೋಚಿಸುತ್ತದೆ.

“ಮೊದಲೇ ಎಲ್ಲ ಗೊತ್ತುಮಾಡಿಕೊಂಡರೆ ಬರೆಯುವ ಮಜಾ ಹೋಗುತ್ತದೆ” ಎನ್ನುವ ಹುಡುಗನೊಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನಿಗೆ ಉತ್ತರ ತಾಳಮದ್ದಳೆಯಲ್ಲಿದೆ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ. ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು, ಭಾಗವತರು ಅದನ್ನೇ ಹಾಡುತ್ತಾರೆ. ವಾಲಿ ಸಾಯುತ್ತಾನೆಂದು ಕೇಳುವವರಿಗೆಲ್ಲ ಗೊತ್ತು. ಆದರೂ ಪಾತ್ರವಾಗಿ ಕೂತ ಅರ್ಥಧಾರಿ ಆಡುವ ಮಾತು, ಅಂದರೆ ‘ಅರ್ಥ’, ಆ ರಾತ್ರಿಯದು, ಅಲ್ಲೇ ಹುಟ್ಟಿದ್ದು. ಮುಂದೆ ನಾವು ಘಟನೆಗಳನ್ನು ಜೋಡಿಸುವ ಚೀಟಿಯ ಸಾಲು ಪದ್ಯ, ಬರವಣಿಗೆ ಅರ್ಥ. ಈ ಹೋಲಿಕೆ ಹೇಳಿದ ಮೇಲೆ ಇಲ್ಲಿಯ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗುವುದಿಲ್ಲ.

ಎರಡನೇ ಕೂಟ: ಬೇಕು, ಅಡ್ಡಿ, ಗಡುವು

ಪ್ರತಿ ಮಗುವೂ ಮೂರು ಚೀಟಿ ಬರೆಯಲಿ. ಮೊದಲನೆಯದರಲ್ಲಿ ಪಾತ್ರಕ್ಕೆ ಏನು ಬೇಕು, ಎರಡನೆಯದರಲ್ಲಿ ಯಾವುದು ಅಡ್ಡಿ, ಮೂರನೆಯದರಲ್ಲಿ ಯಾವಾಗಿನ ಒಳಗೆ.

‘ಬೇಕು’ ಎಂಬಲ್ಲಿ ಮಕ್ಕಳು ಬರೆಯುವುದು ‘ಸಂತೋಷ ಬೇಕು’, ‘ಅಪ್ಪನ ಪ್ರೀತಿ ಬೇಕು’. ಇವುಗಳನ್ನು ವಾಪಸು ಕೊಡಿ. ಪರೀಕ್ಷೆ ಸುಲಭ: ಅದು ಸಿಕ್ಕಿತೋ ಇಲ್ಲವೋ ಎಂಬುದನ್ನು ಫೋಟೊ ತೆಗೆದು ತೋರಿಸಲು ಬರಬೇಕು. ‘ಅಪ್ಪನ ಪ್ರೀತಿ’ಯ ಫೋಟೊ ಬರುವುದಿಲ್ಲ. ‘ಅಪ್ಪ ನನ್ನನ್ನು ದೋಣಿಗೆ ಹತ್ತಿಸಿಕೊಳ್ಳಬೇಕು’ ಎಂಬುದರ ಫೋಟೊ ಬರುತ್ತದೆ. ಪ್ರೀತಿ ಅದರೊಳಗೇ ಇರುತ್ತದೆ, ಹೆಸರಿಸಬೇಕಾಗಿಲ್ಲ.

ಗಡುವು ಮಕ್ಕಳು ಮರೆತೇಬಿಡುವ ಸಂಗತಿ. ಗಡುವಿಲ್ಲದಿದ್ದರೆ ಪಾತ್ರ ನಾಳೆ ಮಾಡಿದರೂ ನಡೆಯುತ್ತದೆ, ಓದುವವನೂ ನಾಳೆ ಓದುತ್ತಾನೆ. ಈ ಜಿಲ್ಲೆಯಲ್ಲಂತೂ ಗಡುವನ್ನು ಹುಟ್ಟಿಸಬೇಕಾಗಿಲ್ಲ, ಸುತ್ತಲೂ ಬಿದ್ದಿವೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮೇ 31ರ ಸಂಜೆ ಎಂಬುದು ಧಕ್ಕೆಯ ಕಥೆಗೆ ಸಿದ್ಧ ಗೋಡೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ್ದನ್ನು ಅದೇ ದಿನ ಹೊಡೆಯಬೇಕು. ಕಲಸಿಯಾಗಿದೆ, ಮರ ಹತ್ತುವವನು ಇನ್ನೂ ಬಂದಿಲ್ಲ, ಪಶ್ಚಿಮದಲ್ಲಿ ಮೋಡ ಏರುತ್ತಿದೆ: ಕಥೆ ಅರ್ಧ ತಯಾರು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ‘ಈ ಸಲ ತಪ್ಪಿದರೆ ಮತ್ತೆರಡು ವರ್ಷ’ ಎಂಬ ಮಾತಿಗೆ ಅಲ್ಲಿ ತೂಕವಿದೆ.

ಇಲ್ಲಿಂದ ಮುಂದೆ ಎಲ್ಲ ಹಂತಗಳನ್ನೂ ತೋರಿಸಲು ಒಂದೇ ಕಥೆ ಹಿಡಿಯೋಣ. ನೀವೂ ಹಾಗೇ ಮಾಡಿ. ಹಂತಕ್ಕೊಂದು ಹೊಸ ಉದಾಹರಣೆ ಕೊಟ್ಟರೆ ಮಕ್ಕಳು ಉದಾಹರಣೆಯನ್ನು ನೆನಪಿಡುತ್ತಾರೆ, ಹೆಣಿಗೆಯನ್ನಲ್ಲ.

ಅಘನಾಶಿನಿ ಹೊಳೆಯ ದಂಡೆ. ಸುಮಾ, ಹತ್ತನೇ ತರಗತಿ. ಅಜ್ಜಿ ಹೊಳೆಯಲ್ಲಿ ಬಳಚು (ತಿನ್ನುವ ಚಿಪ್ಪು) ಹೆಕ್ಕುವವಳು, ಮಹಿಳಾ ಸಂಘದ ಹಣದ ಡಬ್ಬಿಯೂ ಅವಳ ಬಳಿಯೇ. ಸುಮಾ ಆ ಡಬ್ಬಿಯಿಂದ 1,200 ರೂಪಾಯಿ ತೆಗೆದಿದ್ದಾಳೆ. ಬೇಕು: ಹಣವನ್ನು ಡಬ್ಬಿಗೆ ವಾಪಸು ಹಾಕಬೇಕು. ಗಡುವು: ಗುರುವಾರ ಸಂಜೆ, ಸಂಘದವರು ಡಬ್ಬಿ ಎಣಿಸುವ ಮೊದಲು. ಅವಳ ದಾರಿ: ಶಾಲೆಗೆ ಮುಂಚೆ ತಾನೇ ಬಳಚು ಹೆಕ್ಕಿ ಮಾರುವುದು. ಅಡ್ಡಿ?

ಅಡ್ಡಿಗೆ ಮಕ್ಕಳು ಮೊದಲು ಸೂಚಿಸುವುದು ಒಬ್ಬ ರೌಡಿಯನ್ನು. ಬೇಡವೆನ್ನಿ. ಹೊಳೆಯನ್ನೇ ಕೇಳಲು ಹೇಳಿ. ಇಳಿತ, ಅಂದರೆ ನೀರು ಇಳಿದು ಬಳಚು ಹೆಕ್ಕುವ ನೆಲ ತೆರೆದುಕೊಳ್ಳುವ ಹೊತ್ತು, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಸೋಮವಾರ ಬೆಳಿಗ್ಗೆ 6.50ಕ್ಕೆ ಇಳಿತವಿದ್ದರೆ ಮಂಗಳವಾರ 7.40, ಬುಧವಾರ 8.30, ಗುರುವಾರ 9.20. ಶಾಲೆಯ ಗಂಟೆ ಮಾತ್ರ ತಡವಾಗುವುದಿಲ್ಲ. ದಿನದ ಇನ್ನೊಂದು ಇಳಿತ ಇದಾಗಿ ಸುಮಾರು ಹನ್ನೆರಡೂವರೆ ಗಂಟೆ ಕಳೆದ ಮೇಲೆ, ಅಂದರೆ ರಾತ್ರಿ, ಕತ್ತಲೆಯಲ್ಲಿ. ಸಾಲದ್ದಕ್ಕೆ ಅಮಾವಾಸ್ಯೆ ಕಳೆದು ಅಷ್ಟಮಿ ಹತ್ತಿರವಾದಂತೆ ನೀರು ಇಳಿಯುವುದೂ ಕಡಿಮೆ, ತೆರೆದುಕೊಳ್ಳುವ ನೆಲವೂ ಕಡಿಮೆ. ಸುಮಾಳ ದಾರಿ ದಿನಕ್ಕೊಂದಿಷ್ಟು ತಾನಾಗಿ ಮುಚ್ಚಿಕೊಳ್ಳುತ್ತಿದೆ. ಯಾವ ರೌಡಿಯೂ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಲಾರ.

ಮನೆಗೆಲಸವಾಗಿ ಪ್ರತಿ ಮಗುವೂ ಮನೆಯ ದೊಡ್ಡವರೊಬ್ಬರನ್ನು ಕೇಳಿ ಬರಲಿ: ನಿಮ್ಮ ಕೆಲಸದಲ್ಲಿ ಯಾವುದು ಕಾಯುವುದಿಲ್ಲ? ಉತ್ತರಗಳು ಬಂದರೆ ಮುಂದಿನ ಎರಡು ತಿಂಗಳಿಗೆ ಸಾಮಗ್ರಿ ಸಾಕು.

ಮೂರು ಮತ್ತು ನಾಲ್ಕನೇ ಕೂಟ: ಚೀಟಿಯ ಸಾಲು

ಇದೇ ಇಡೀ ಕೆಲಸದ ಬೆನ್ನೆಲುಬು, ಎರಡು ಕೂಟ ಪೂರ್ತಿ ಇದಕ್ಕಿರಲಿ. ಒಂದು ಚೀಟಿಗೆ ಒಂದು ಘಟನೆ, ಒಂದೇ ವಾಕ್ಯ, ಹತ್ತು ಪದದೊಳಗೆ. ಘಟನೆ ಎಂದರೆ ಯಾರೋ ಏನೋ ಮಾಡಬೇಕು. ‘ಸುಮಾಳಿಗೆ ಬೇಸರವಾಯಿತು’ ಘಟನೆಯಲ್ಲ. ಒಂದು ಕಥೆಗೆ ಒಂಬತ್ತು ಚೀಟಿ. ಏಳಕ್ಕಿಂತ ಕಡಿಮೆಯಾದರೆ ಅದು ಬಿಡಿ ಸನ್ನಿವೇಶವಷ್ಟೇ ಆಗುತ್ತದೆ, ಹನ್ನೆರಡು ಮೀರಿದರೆ ಹೈಸ್ಕೂಲು ಮಗು ಬರೆದು ಮುಗಿಸುವುದಿಲ್ಲ. ಚೀಟಿಗಳನ್ನು ಹಗ್ಗಕ್ಕೆ ಸಿಕ್ಕಿಸಿ. ಎರಡು ಚೀಟಿಗಳ ನಡುವೆ ಅಂಟುವ ಮಾತನ್ನು ಬೇರೆ ಸಣ್ಣ ತುಂಡಿನಲ್ಲಿ ಬರೆದು ಸಿಕ್ಕಿಸಬೇಕು.

ಸುಮಾಳ ಹಗ್ಗ ಹೀಗಿದೆ:

1. ಸುಮಾಳ ಕೈಜಾರಿ ಗೆಳತಿಯ ಫೋನಿನ ಪರದೆ ಒಡೆಯುತ್ತದೆ.
ಅದಕ್ಕೇ
2. ಅಜ್ಜಿಯ ಡಬ್ಬಿಯಿಂದ 1,200 ತೆಗೆದು ಕುಮಟಾದಲ್ಲಿ ರಿಪೇರಿ ಮಾಡಿಸುತ್ತಾಳೆ.
ಆದರೆ
3. ಸಂಘದ ಪದ್ಮಕ್ಕ ಡಬ್ಬಿ ಎಣಿಸುವ ದಿನವನ್ನು ಈ ಗುರುವಾರಕ್ಕೆ ಎಳೆಯುತ್ತಾಳೆ.
ಅದಕ್ಕೇ
4. ಸುಮಾ ಬೆಳಗಿನ ಇಳಿತಕ್ಕೆ ಕದ್ದು ಬಳಚು ಹೆಕ್ಕತೊಡಗುತ್ತಾಳೆ.
ಆದರೆ
5. ಬುಧವಾರ ಇಳಿತ ತಡವಾಗಿ, ಶಾಲೆಗೆ ತಡವಾಗಿ ಹೋಗುತ್ತಾಳೆ.
ಅದಕ್ಕೇ
6. ಅಜ್ಜಿಗೆ ಜ್ವರವೆಂದು ಮಾಸ್ತರಿಗೆ ಸುಳ್ಳು ಹೇಳುತ್ತಾಳೆ.
ಅದಕ್ಕೇ
7. ಅಜ್ಜಿಯನ್ನು ನೋಡಲು ಮಾಸ್ತರು ಸಂಜೆ ಮನೆಗೇ ಬರುತ್ತಾರೆ.
ಆದರೆ
8. ಅಜ್ಜಿ “ಹೌದು, ಎರಡು ದಿನದಿಂದ ಜ್ವರ” ಎಂದುಬಿಡುತ್ತಾಳೆ.
ಅದಕ್ಕೇ
9. ಗುರುವಾರ ಸಂಜೆ, ಡಬ್ಬಿ ತೆಗೆಯುವ ಮೊದಲು, ಸುಮಾ…

ಒಂಬತ್ತನೆಯದನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟಿದೆ. ಅದರ ಮಾತು ಮುಂದೆ ಬರುತ್ತದೆ.

ಈಗ ಮೂರು ಪರೀಕ್ಷೆ. ಮೊದಲನೆಯದು ಕೀಳುವ ಪರೀಕ್ಷೆ: ಯಾವುದಾದರೊಂದು ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಉಳಿದ ಕಥೆ ನಿಂತಿತೇ? ನಿಂತರೆ ಆ ಚೀಟಿ ಬೇಡ. ಎರಡನೆಯದು ಅದಲುಬದಲು: ಎರಡು ಚೀಟಿಗಳ ಜಾಗ ಬದಲಿಸಿ. ಬದಲಿಸಿದರೂ ಅರ್ಥ ಕೆಡದಿದ್ದರೆ ನಡುವೆ ಇರುವುದು ‘ಅದಕ್ಕೇ’ ಅಲ್ಲ, ವೇಷ ಹಾಕಿದ ‘ಆಮೇಲೆ’. ಮಕ್ಕಳು ಇಲ್ಲಿ ಬಹಳ ಮೋಸ ಮಾಡುತ್ತಾರೆ: ‘ಅವಳು ಶಾಲೆಗೆ ಹೋದಳು, ಅದಕ್ಕೇ ಮಳೆ ಬಂತು’. ಗದರಬೇಡಿ, ಜೋರಾಗಿ ಓದಿಸಿ. ಅವರೇ ನಗುತ್ತಾರೆ. ಮೂರನೆಯದು ಎಣಿಸುವ ಪರೀಕ್ಷೆ: ಹಗ್ಗದ ಮೇಲೆ ‘ಆದರೆ’ಗಳು ಎಷ್ಟು? ಒಂಬತ್ತು ಚೀಟಿಗೆ ಮೂರಾದರೂ ಬೇಕು. ಬರೀ ‘ಅದಕ್ಕೇ’ ಇದ್ದರೆ ಕಥೆ ಇಳಿಜಾರಿನಲ್ಲಿ ಉರುಳುವ ಕಲ್ಲಿನಂತೆ, ಎಲ್ಲಿ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತು. ಬರೀ ‘ಆದರೆ’ಯಾದರೆ ಪಾತ್ರ ಪೆಟ್ಟು ತಿನ್ನುತ್ತದೆ, ಏನನ್ನೂ ಮಾಡುವುದಿಲ್ಲ.

ಒಬ್ಬರ ಹಗ್ಗವನ್ನು ಇನ್ನೊಬ್ಬರು ಪರೀಕ್ಷಿಸಲಿ. ತನ್ನ ಚೀಟಿಯನ್ನು ತಾನೇ ಕೀಳುವ ಧೈರ್ಯ ಹದಿನೈದರ ವಯಸ್ಸಿಗೆ ಇರುವುದಿಲ್ಲ, ಗೆಳೆಯನದ್ದನ್ನು ಕೀಳಲು ಬೇಕಾದಷ್ಟಿರುತ್ತದೆ.

ಸಿನಿಮಾದ್ದೋ ವೆಬ್ ಸರಣಿಯದ್ದೋ ಕಥೆಯನ್ನು ಹಾಗೇ ತಂದರೆ ‘ಕದ್ದೆ’ ಎನ್ನಬೇಡಿ. ಅದನ್ನೂ ಚೀಟಿಗೆ ಇಳಿಸಿ, ಊರನ್ನೂ ಪಾತ್ರದ ಮನೆಯ ಕಸುಬನ್ನೂ ಬದಲಿಸಲು ಹೇಳಿ. ಕಾರಣಗಳು ನಾಲ್ಕನೇ ಚೀಟಿಗೇ ಮುರಿಯುತ್ತವೆ. ಮುರಿದ ಜಾಗದಿಂದ ಮುಂದಿನದು ಆ ಮಗುವಿನದೇ ಕಥೆ.

ಐದನೇ ಕೂಟ: ಎದುರಾಳಿಗೂ ಅರ್ಥ ಹೇಳಿಸಿ

ಮಕ್ಕಳ ಕಥೆಯ ಎದುರಾಳಿ ಸುಮ್ಮನೆ ಕೆಟ್ಟವನಾಗಿರುತ್ತಾನೆ. ಯಕ್ಷಗಾನ ನೋಡಿ ಬೆಳೆದ ಊರಿನಲ್ಲಿ ಇದನ್ನು ಬಿಡಿಸುವುದು ಸುಲಭ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ‘ನಾನು ದುಷ್ಟ’ ಎಂದು ಶುರುಮಾಡುವುದಿಲ್ಲ, ತನ್ನ ಪಕ್ಷವೇ ನ್ಯಾಯವೆಂದು ಕೇಳುವವರ ತಲೆದೂಗಿಸುತ್ತಾರೆ. ಬಿದ್ದುಕೊಂಡ ವಾಲಿ ರಾಮನಿಗೆ ಕೇಳುವ ಪ್ರಶ್ನೆಗಳಿಗೆ ಸಭೆ ರಾಮನಿಗಿಂತ ಹೆಚ್ಚು ಕಿವಿಗೊಡುವುದೂ ಉಂಟು.

ಎರಡು ಕುರ್ಚಿ ಎದುರುಬದುರು ಇಡಿ. ಒಂದರಲ್ಲಿ ಕಥೆಯ ಮುಖ್ಯ ಪಾತ್ರ, ಇನ್ನೊಂದರಲ್ಲಿ ಎದುರಾಳಿ. ಎದುರಾಳಿಯ ಕುರ್ಚಿಯಲ್ಲಿ ಕಥೆ ಬರೆದ ಮಗುವೇ ಕೂರಬೇಕು, ಇದು ತಪ್ಪಬಾರದು. ತಲಾ ಮೂರು ನಿಮಿಷ, ಗಡಿಯಾರ ನೋಡಿ. ಬೈಗುಳ ಇಲ್ಲ, ಬರೀ ಕಾರಣ. ಪದ್ಮಕ್ಕನಾಗಿ ಕುಳಿತ ಹುಡುಗಿಗೆ ಕೇಳಿ: ಎಣಿಸುವ ದಿನವನ್ನು ಈ ಗುರುವಾರಕ್ಕೇ ಏಕೆ ಎಳೆದಿರಿ? ಅವಳು ಮೊದಲು ತಡವರಿಸುತ್ತಾಳೆ, ಆಮೇಲೆ ಏನಾದರೂ ಹುಡುಕುತ್ತಾಳೆ: “ಹೋದ ವರ್ಷ ಲೆಕ್ಕ ಕಡಿಮೆ ಬಂದಾಗ ನಾನೇ ನನ್ನ ಕೈಯಿಂದ ತುಂಬಿದ್ದೆ. ಮತ್ತೆ ತುಂಬಲು ನನ್ನ ಹತ್ತಿರ ಇಲ್ಲ.” ಅಲ್ಲಿಗೆ ಪದ್ಮಕ್ಕ ಖಳನಾಯಕಿಯಲ್ಲ. ಸುಮಾಳ ಕಷ್ಟ ಮಾತ್ರ ಎರಡು ಪಟ್ಟಾಯಿತು, ಏಕೆಂದರೆ ಅವಳು ಮೋಸ ಮಾಡುತ್ತಿರುವುದು ಒಬ್ಬ ಒಳ್ಳೆಯ ಹೆಂಗಸಿಗೆ.

ಸಿಕ್ಕಿದ ಕಾರಣವನ್ನು ತಕ್ಷಣ ಚೀಟಿಯ ಹಿಂದೆ ಬರೆಸಿ. ಮುಂದಿನ ವಾರಕ್ಕೆ ಮರೆತುಹೋಗುತ್ತದೆ.

ಆರನೇ ಕೂಟ: ಸೊರಗುವ ನಡು, ಬಿತ್ತಿದ್ದು, ಕೊನೆ

ನಮ್ಮ ನಾಟ್ಯಶಾಸ್ತ್ರದ ಪರಂಪರೆ ಕಾರ್ಯದ ಐದು ಅವಸ್ಥೆ ಹೇಳುತ್ತದೆ: ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಐದನ್ನೂ ಬಾಯಿಪಾಠ ಮಾಡಿಸುವುದು ಬೇಡ. ಮೂರನೆಯದೊಂದನ್ನು ಮಾತ್ರ ಹಿಡಿಯಿರಿ. ಪ್ರಾಪ್ತ್ಯಾಶೆ ಎಂದರೆ ಸಿಕ್ಕೀತು ಎಂಬ ಆಸೆ ಮೂಡಿ, ಜೊತೆಗೇ ತಪ್ಪೀತು ಎಂಬ ಭಯವೂ ಇರುವ ಘಟ್ಟ. ಮಕ್ಕಳ ಕಥೆಗಳ ನಡು ಸೊರಗುವುದು ಇದಿಲ್ಲದೆ. ಸೋಲು, ಸೋಲು, ಸೋಲು, ಕೊನೆಗೊಂದು ದಿಢೀರ್ ಗೆಲುವು. ಸುಮಾಳಿಗೆ ಮಂಗಳವಾರ ಚೀಲ ತುಂಬಾ ಬಳಚು ಸಿಗಲಿ, ಇನ್ನೊಂದೇ ದಿನ ಸಾಕು ಎನ್ನಿಸಲಿ. ಆಗ ಬುಧವಾರದ ಇಳಿತ ನೋಯಿಸುತ್ತದೆ. ನಾಲ್ಕು ಮತ್ತು ಐದನೇ ಚೀಟಿಗಳ ನಡುವೆ ಇದಕ್ಕೊಂದು ಚೀಟಿ ಸೇರಿಸಿ.

ಕಾಕತಾಳೀಯದ ಬಗ್ಗೆ ಒಂದೇ ಕಟ್ಟಳೆ: ಅದು ಪಾತ್ರವನ್ನು ಕಷ್ಟಕ್ಕೆ ತಳ್ಳಬಹುದು, ಕಷ್ಟದಿಂದ ಎತ್ತಬಾರದು. ಫೋನು ಕೈಜಾರಿದ್ದು ಆಕಸ್ಮಿಕ, ಯಾರೂ ಪ್ರಶ್ನಿಸುವುದಿಲ್ಲ. ಗುರುವಾರ ಬೆಳಿಗ್ಗೆ ಮರಳಿನಲ್ಲಿ ಉಂಗುರ ಸಿಕ್ಕಿತು ಎಂದರೆ ಓದುವವನು ಪುಸ್ತಕ ಮುಚ್ಚುತ್ತಾನೆ.

ಹಾಗಾದರೆ ಅಜ್ಜಿ ಮಾಸ್ತರ ಮುಂದೆ ಸುಳ್ಳಿಗೆ ಸುಳ್ಳು ಸೇರಿಸಿದ್ದು ಆಕಸ್ಮಿಕವಲ್ಲವೇ? ಬಿತ್ತದಿದ್ದರೆ ಹೌದು. ಎರಡನೇ ಚೀಟಿಯಲ್ಲೇ ಒಂದು ಕಾಳು ಹಾಕಬೇಕು: ಅಜ್ಜಿ ದಿನಾ ರಾತ್ರಿ ಮಲಗುವ ಮೊದಲು ಡಬ್ಬಿಯನ್ನು ಒಮ್ಮೆ ಎಣಿಸಿಯೇ ಮಲಗುತ್ತಾಳೆ. ಇಷ್ಟೇ, ಅರ್ಧ ವಾಕ್ಯ. ಎಂಟನೇ ಚೀಟಿಗೆ ಬಂದಾಗ ಓದುವವನಿಗೆ ತಟ್ಟುತ್ತದೆ: ಅವಳಿಗೆ ಮೊದಲ ರಾತ್ರಿಯೇ ಗೊತ್ತಿತ್ತು. ಮಕ್ಕಳಿಗೆ ಹೀಗೆ ಹೇಳಿ: ಕೊನೆಯಲ್ಲಿ ಏನಾದರೂ ಬೇಕಾದರೆ ಮೊದಲ ಮೂರು ಚೀಟಿಗಳಿಗೆ ವಾಪಸು ಹೋಗಿ ಹೂತಿಟ್ಟು ಬನ್ನಿ. ಹೂತದ್ದು ಬೇರೊಂದು ಕೆಲಸದ ನಡುವೆ ಇರಲಿ. ‘ಅಜ್ಜಿ ಡಬ್ಬಿ ಎಣಿಸುತ್ತಿದ್ದಳು, ಇದನ್ನು ನೆನಪಿಡಿ’ ಎಂಬ ಧಾಟಿಯಲ್ಲಿ ಬರೆದರೆ ಗುಟ್ಟು ಉಳಿಯುವುದಿಲ್ಲ.

ಈಗ ಒಂಬತ್ತನೇ ಚೀಟಿ. ಮಕ್ಕಳಿಗೆ ಬಿಟ್ಟರೆ ಹೆಚ್ಚಿನವರು ಹೇಳುವುದು: ಡಬ್ಬಿ ತೆಗೆದರು, ಹಣ ಪೂರ್ತಿ ಇತ್ತು, ಅಜ್ಜಿ ತುಂಬಿಟ್ಟಿದ್ದಳು, ಆಮೇಲೆ ಸುಮಾ ಅಳುತ್ತಾ ತಪ್ಪೊಪ್ಪಿಕೊಂಡಳು. ಕೆಟ್ಟದ್ದಲ್ಲ. ಆದರೆ ಇಲ್ಲಿ ಕೊನೆಯನ್ನು ಮಾಡಿದ್ದು ಅಜ್ಜಿ, ಸುಮಾ ನೋಡುತ್ತಾ ಕುಳಿತಳು. ಅದೇ ಎರಡು ಘಟನೆಗಳ ಕ್ರಮ ತಿರುಗಿಸಿ ನೋಡಿ: ಪದ್ಮಕ್ಕ ಮುಚ್ಚಳಕ್ಕೆ ಕೈ ಹಾಕುವ ಮೊದಲು ಸುಮಾ ಎದ್ದು ನಿಂತು ‘1,200 ಕಡಿಮೆ ಇದೆ, ನಾನು ತೆಗೆದದ್ದು’ ಎನ್ನುತ್ತಾಳೆ. ಆಮೇಲೆ ಡಬ್ಬಿ ತೆರೆಯುತ್ತದೆ, ಲೆಕ್ಕ ಸರಿಯಾಗಿದೆ. ಘಟನೆಗಳು ಅವೇ, ಹೊಸದೇನೂ ಸೇರಿಲ್ಲ. ಆದರೆ ಈಗ ಸಭೆಯಲ್ಲಿ ಎಲ್ಲರಿಗೂ ಗೊತ್ತಾಗಿದೆ, ಅಜ್ಜಿಯ ಮುಚ್ಚಿಡುವಿಕೆ ವ್ಯರ್ಥವಾಗಿದೆ, ಪದ್ಮಕ್ಕ ಯಾರ ಕಡೆ ನೋಡಬೇಕೆಂದು ತಿಳಿಯದೆ ಕುಳಿತಿದ್ದಾಳೆ. ಈ ಎರಡನ್ನೂ ಹಗ್ಗದ ಮೇಲೆ ಹಿಂದುಮುಂದು ಸಿಕ್ಕಿಸಿ ತೋರಿಸಿ. ‘ಕೊನೆಯ ಕೆಲಸ ಮುಖ್ಯ ಪಾತ್ರದ್ದೇ ಆಗಬೇಕು’ ಎಂಬ ನಿಯಮವನ್ನು ಹತ್ತು ಸಲ ಹೇಳುವುದಕ್ಕಿಂತ ಇದು ಮೇಲು.

ಕನಸಾಗಿತ್ತು ಎಂಬ ಕೊನೆಯನ್ನು ಮೊದಲ ದಿನವೇ ನಿಷೇಧಿಸಿ. ಎಲ್ಲರೂ ಸತ್ತರು ಎಂಬುದನ್ನೂ. ‘ಆದ್ದರಿಂದ ನಾವು ಸುಳ್ಳು ಹೇಳಬಾರದು’ ಎಂಬ ನೀತಿಯ ವಾಕ್ಯವನ್ನು ಮಕ್ಕಳು ಬರೆಯುವುದು ನಾವು ಕಲಿಸಿದ್ದಕ್ಕೇ, ಪ್ರಬಂಧದ ಅಭ್ಯಾಸ. ಕೊನೆಯ ಎರಡು ವಾಕ್ಯಗಳನ್ನು ಬೆರಳಿನಿಂದ ಮುಚ್ಚಿ ಓದಿಸಿ. ಬಹಳ ಸಲ ಕಥೆ ಅಲ್ಲೇ ಮುಗಿದಿರುತ್ತದೆ.

ಏಳನೇ ಕೂಟ: ಬರವಣಿಗೆಗೆ ಇಳಿಸುವುದು

1,200ರಿಂದ 1,500 ಪದ. ಎಲ್ಲ ಚೀಟಿಗೂ ಸಮಪಾಲು ಕೊಟ್ಟರೆ ಕಥೆ ವರದಿಯಾಗುತ್ತದೆ. ಯಾವ ಮೂರು ಚೀಟಿಗಳನ್ನು ಕಣ್ಣೆದುರು ನಡೆಯುವಂತೆ ಮಾತುಕತೆಯೊಡನೆ ಬರೆಯುತ್ತೀರಿ ಎಂದು ಕೇಳಿ, ಅವುಗಳ ಮೂಲೆಗೆ ಗುರುತು ಹಾಕಿಸಿ. ಸುಮಾಳ ಕಥೆಯಲ್ಲಿ ಮಾಸ್ತರು ಮನೆಗೆ ಬರುವ ಸಂಜೆ ಮತ್ತು ಸಭೆ, ಇವೆರಡು ಖಂಡಿತ. ಮೂರನೆಯದು ಬುಧವಾರದ ಹೊಳೆ. ಈ ಮೂರಕ್ಕೆ ಸುಮಾರು ಮುನ್ನೂರು ಪದಗಳಂತೆ, ಉಳಿದವಕ್ಕೆ ಮೂರು ನಾಲ್ಕು ವಾಕ್ಯಗಳು ಸಾಕು. ಫೋನು ರಿಪೇರಿಯ ಅಂಗಡಿಯನ್ನು ಎರಡು ಪುಟ ವರ್ಣಿಸುವ ಮಗುವಿಗೆ ಗುರುತು ತೋರಿಸಿ, ಅಷ್ಟೇ.

ಶುರು ಎಲ್ಲಿಂದ? ಅಲಾರಾಂ ಬಡಿದು ಏಳುವುದರಿಂದ ಅಲ್ಲ. ಒಂದನೇ ಚೀಟಿಯ ನಡುವಿನಿಂದ: ಫೋನು ಆಗಲೇ ನೆಲದ ಮೇಲಿದೆ.

ಮಾತುಕತೆ ಮನೆಯ ನುಡಿಯಲ್ಲಿರಲಿ, ನಿರೂಪಣೆ ಅವರಿಗೆ ಒಗ್ಗಿದ ಕನ್ನಡದಲ್ಲಿ. ಅಜ್ಜಿ ಪಠ್ಯಪುಸ್ತಕದಂತೆ ಮಾತಾಡಿದರೆ ಎಂಟನೇ ಚೀಟಿ ಸತ್ತಂತೆ. ಶೀರ್ಷಿಕೆ ಕೊನೆಗೆ ಕೊಟ್ಟರಾಯಿತು.

ಎಂಟನೇ ಕೂಟ: ತಿದ್ದುವುದು

ಕೆಂಪು ಶಾಯಿ ಮನೆಯಲ್ಲೇ ಬಿಟ್ಟು ಬನ್ನಿ. ಮೊದಲ ಕರಡಿನ ಕಾಗುಣಿತ ತಿದ್ದಿದರೆ ಮಗು ಕಾಗುಣಿತವನ್ನೇ ಸರಿಮಾಡಿ ತರುತ್ತದೆ, ಮುರಿದ ಕಾರಣ ಮುರಿದೇ ಇರುತ್ತದೆ. ಕಥೆಯನ್ನು ಬರೆದವರು ಓದಬಾರದು. ಇನ್ನೊಬ್ಬರು ಜೋರಾಗಿ ಓದಲಿ, ಬರೆದವರು ಸುಮ್ಮನೆ ಕೂತು ಕೇಳುವವರ ಮುಖ ನೋಡಲಿ. ಕೇಳುವವರು ಮೂರೇ ಉತ್ತರ ಕೊಡಬೇಕು: ಎಲ್ಲಿ ‘ಮುಂದೇನು’ ಎನ್ನಿಸಿತು, ಎಲ್ಲಿ ‘ಏಕೆ’ ಎಂದು ಗೊತ್ತಾಗಲಿಲ್ಲ, ಎಲ್ಲಿ ಗಮನ ಕಿಟಕಿಯಾಚೆ ಹೋಯಿತು. ‘ಚೆನ್ನಾಗಿದೆ’ ಎಂಬುದು ಉತ್ತರವಲ್ಲ. ಒಂದು ಕಥೆಗೆ ಹತ್ತು ನಿಮಿಷವಾದರೂ ಬೇಕು. 12 ಮಕ್ಕಳಿದ್ದರೆ ಎರಡು ವೃತ್ತ ಮಾಡಿ, ಇಲ್ಲವಾದರೆ ಕೊನೆಯ ನಾಲ್ವರ ಪಾಲಿಗೆ ದಣಿದ ಕಿವಿಗಳೇ ಸಿಗುತ್ತವೆ.

ಮೂವರಾದರೂ ‘ಏಕೆ’ ಎಂದ ಜಾಗಕ್ಕೆ ಮಾತ್ರ ದುರಸ್ತಿ. ಅದನ್ನೂ ಹಾಳೆಯಲ್ಲಲ್ಲ, ಮೊದಲು ಹಗ್ಗದ ಮೇಲೆ.

ಎಚ್ಚರಿಕೆ ಬೇಕಾದ ಎರಡು ಕಡೆ

ಊರಿನಲ್ಲಿ ನಿಜವಾಗಿ ನಡೆದ ದುರಂತಗಳನ್ನು ಮಕ್ಕಳು ಕಥೆಗೆ ತರುತ್ತಾರೆ. 2024ರ ಜುಲೈ 16ರ ಶಿರೂರು ಗುಡ್ಡ ಕುಸಿತ ಅಂಕೋಲಾದ ಸುತ್ತಿನ ಮಕ್ಕಳಿಗೆ ಸುದ್ದಿಯಲ್ಲ, ನೆನಪು. ಬೇಡವೆನ್ನಬೇಡಿ. ಆದರೆ ಊರು, ಹೆಸರು, ಸಂಬಂಧ ಮೂರನ್ನೂ ಬದಲಿಸಲು ಹೇಳಿ, ಗುಂಪಿನಲ್ಲಿ ಅದರಿಂದ ನೊಂದ ಮನೆಯವರಿದ್ದಾರೆಯೇ ಎಂದು ನೀವು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಇದ್ದರೆ ಆ ಕಥೆಯನ್ನು ಜೋರಾಗಿ ಓದಿಸುವುದು ಬೇಡ, ಬರೆದ ಮಗುವಿನ ಜೊತೆ ಪ್ರತ್ಯೇಕವಾಗಿ ಕೂತು ನೋಡಿ.

ಇನ್ನೊಂದು, ಕಥೆಯ ಮರೆಯಲ್ಲಿ ಮಗು ತನ್ನದೇ ಸಂಕಟ ಹೇಳುತ್ತಿರಬಹುದು: ಮನೆಯ ಹೊಡೆತ, ಯಾರದೋ ಕೆಟ್ಟ ಕೈ, ಸಾಯುವ ಮಾತು. ಅದನ್ನು ಹಗ್ಗಕ್ಕೆ ಸಿಕ್ಕಿಸಬೇಡಿ, ಗುಂಪಿನೆದುರು ‘ಇದು ನಿಜವೇ’ ಎಂದು ಕೇಳಬೇಡಿ. ಚೀಟಿಯನ್ನು ಸುಮ್ಮನೆ ಎತ್ತಿಟ್ಟುಕೊಂಡು, ಕೂಟ ಮುಗಿದ ಮೇಲೆ ಇನ್ನೊಬ್ಬ ನಂಬಿಕೆಯ ಹಿರಿಯರ ಜೊತೆಗೂಡಿ ಮಾತಾಡಿಸಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಕೊಟ್ಟ ಮಾತು ಮುರಿಯಬೇಕಾಗಿ ಬರಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು. ಆ ಸಂಖ್ಯೆಯನ್ನು ಮೊದಲ ಕೂಟದಲ್ಲೇ ಎಲ್ಲರ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆಸಿಟ್ಟರೆ ಯಾರೊಬ್ಬರ ಮೇಲೂ ಬೊಟ್ಟು ಮಾಡಿದಂತಾಗುವುದಿಲ್ಲ.

ಕೂಟಗಳು ಮುಗಿದ ಮೇಲೆ ಹಗ್ಗದಿಂದ ಇಳಿಸಿದ ಚೀಟಿಗಳನ್ನು ಎಸೆಯಬೇಡಿ. ಕೀಳುವ ಪರೀಕ್ಷೆಯಲ್ಲಿ ಸೋತು ಹೊರಬಿದ್ದವನ್ನೂ ಅದೇ ಬಿಸ್ಕಿಟ್ ಡಬ್ಬಿಗೆ ಹಾಕಿಡಿ. ಮುಂದಿನ ಗುಂಪಿನ ಮೊದಲ ದಿನ ಕಣ್ಣುಮುಚ್ಚಿ ಅದರಿಂದ ಒಂದನ್ನು ಎತ್ತಿ ಓದಿದರೆ ಧಕ್ಕೆಯ ಒಂಟಿ ಚಪ್ಪಲಿಯ ಬದಲು ಹೊಸ ಮೊದಲ ವಾಕ್ಯ ಸಿಕ್ಕಿತು.